ಗಂಟೆಯಾದರೆ ಸಮ

ದುರ್ಗದ ಗಾಳಿಗುಡ್ಡ, ಏಳನೇ ಕೇರಿ
ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ಇನ್ನೂರ ಹದಿನಾರು

ಚದುರಂಗದ ಯಂತ್ರಗಳನ್ನು ಕಟ್ಟುತ್ತಿರುವ ಹಿಂದಿನ ಕಾಲದವರಿಗೆ,

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಕೇರಿಶಾಲೆಯಲ್ಲಿ ಎಂಟು ವರ್ಷ ಓದಿದವಳು ನಾನು. ದಿನಚರಿ ಬಿಟ್ಟು ಬೇರೇನೂ ಬರೆದವಳಲ್ಲ.

ನನ್ನ ಯಜಮಾನರು ಪಾಲಯ್ಯ ಹೋದ ಸುಗ್ಗಿಯಲ್ಲಿ ತೀರಿಕೊಂಡರು. ಅವರ ಗುರುತೆಂದು ಉಳಿದದ್ದು ಅವರೇ ಕಟ್ಟಿದ ಒಂದು ಚದುರಂಗದ ಯಂತ್ರ. ಅದಕ್ಕೆ ನಿಧಾನಿ ಎಂದು ಹೆಸರಿಟ್ಟಿದ್ದರು. ಗುಡ್ಡದ ಗಾಳಿಯಿಂದ ಬರುವ ವಿದ್ಯುತ್ತು ನಮಗೆ ಅಳತೆಯಲ್ಲಿ ಸಿಗುತ್ತದೆ. ಹಾಗಾಗಿ ದೋಷವಿರುವ ಯಂತ್ರಗಳನ್ನು ಕರಗಿಸುತ್ತಾರೆ, ಎಂದರೆ ನೆನಪನ್ನೆಲ್ಲ ಅಳಿಸಿ ಬೇರೆ ಕೆಲಸಕ್ಕೆ ಹಚ್ಚುತ್ತಾರೆ. ಈ ತಿಂಗಳ ಕೊನೆಯೊಳಗೆ ದೋಷ ಹುಡುಕಿ ಸರಿಪಡಿಸದಿದ್ದರೆ ನಿಧಾನಿಯನ್ನೂ ಕರಗಿಸುವುದಾಗಿ ಕೇರಿಯ ತಪಾಸಣೆಗಾರ ಓಬಳೇಶ ಚೀಟಿ ಅಂಟಿಸಿದ.

ದೋಷವೇನೋ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಮೊದಲ ಮೂವತ್ತು ನಡೆ ನಿಧಾನಿ ಹುಲಿಯಂತೆ ಆಡುತ್ತದೆ. ಎದುರಿನವರ ಆನೆಯನ್ನು ಹೊಡೆದು, ತನ್ನ ಕಾಲಾಳುಗಳಿಗೆ ದಾರಿ ಬಿಡಿಸಿಕೊಂಡು, ಇನ್ನೇನು ಗೆದ್ದಿತು ಎನ್ನುವಾಗ ರಾಜನನ್ನು ಒಂದು ಮನೆ ಬಲಕ್ಕೆ ಸರಿಸುತ್ತದೆ. ಮುಂದಿನ ನಡೆಯಲ್ಲಿ ಎಡಕ್ಕೆ. ಮತ್ತೆ ಬಲಕ್ಕೆ. ಕಾಲಾಳು ಕೊನೆಯ ಮನೆಯ ಬಾಗಿಲಲ್ಲೇ ನಿಂತಿದ್ದರೂ ಅದನ್ನು ತಳ್ಳುವುದಿಲ್ಲ. ಎದುರಿನವರು ಸಾವರಿಸಿಕೊಂಡು ಬಂದು ಸೋಲಿಸಿ ಹೋಗುತ್ತಾರೆ.

ಅದಕ್ಕೆ ಕಾಲಾಳಿನ ಬೆಲೆ ತಿಳಿಯದು ಎಂದ, ದೋಷ ಹುಡುಕಲು ನನ್ನ ಜೊತೆ ಕೂತ ಓಬಳೇಶ. ಬೆಲೆ ಏರಿಸಿದೆವು, ಏನೂ ಆಗಲಿಲ್ಲ. ರಾಜನ ಬಗ್ಗೆ ಅತಿ ಭಯ ಎಂದ. ಭಯ ತಗ್ಗಿಸಿದೆವು, ರಾಜ ಇನ್ನೂ ಧೈರ್ಯವಾಗಿ ಅಡ್ಡಾಡಿದ. ಮಂತ್ರಿಗಳು ಹೋದಮೇಲೆ ಕಣ್ಣು ಕಾಣದು ಎಂದ. ಅದೂ ಸುಳ್ಳಾಯಿತು. ಒಂದೊಂದಕ್ಕೂ ಮೂರು ಮೂರು ದಿನ ಹಾಳು.

"ಸಿರಿಯಕ್ಕಾ, ಗೆಲ್ಲೋಕೆ ನಾಚ್ಕೆ ಏನಕ್ಕ ಇದ್ಕೆ? ಹೆಣ್ಣು ನೋಡಾಕ್ ಬಂದೋರ ಮುಂದೆ ಕುಂತಂಗೆ ಕುಂತೈತಲ್ಲ!" ಎಂದು ನಕ್ಕ.

"ನಿನ್ ಬಾಯಿ ಆಡಿದಷ್ಟು ಕೈ ಆಡ್ಲಪ್ಪ," ಎಂದೆ. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಅಷ್ಟರಲ್ಲಿ ಗಂಟೆಯಾಯಿತು. ಇಬ್ಬರೂ ಎದ್ದೆವು.

ಈ ಗಂಟೆಯ ವಿಷಯ ಹೇಳಬೇಕು. ನಮ್ಮ ಕೇರಿಗೆಲ್ಲ ಒಂದೇ ಅಡುಗೆ ಮನೆ, ಒಲೆಮನೆ ಎನ್ನುತ್ತೇವೆ. ಮಧ್ಯಾಹ್ನ ಗಂಟೆ ಬಾರಿಸಿದ ಕೂಡಲೇ ಮುದ್ದೆ, ಸಾರು ಬಡಿಸುತ್ತಾರೆ. ಎರಡನೇ ಸಲ ಬಿಸಿ ಮಾಡುವಂತಿಲ್ಲ. ಗಂಟೆ ಕೇಳಿದ ಮೇಲೂ ಕೂತವರನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಒಲೆಮನೆಯಲ್ಲಿ ಊಟದ ಹಲಗೆಯ ಮೇಲೇ ಚದುರಂಗದ ಮನೆಗಳನ್ನು ಕೊರೆದಿರುತ್ತಾರೆ. ನಾನೂ ಯಜಮಾನರೂ ದಿನಾ ಅಲ್ಲೇ ಆಡುತ್ತಿದ್ದೆವು. ಗಂಟೆಯಾದರೆ ಕಾಯಿ ಎತ್ತಿ ಹಲಗೆ ಒರೆಸುತ್ತಿದ್ದೆವು.

ಇಪ್ಪತ್ತೆರಡನೇ ತಾರೀಖು ಓಬಳೇಶ ಹಳೆಯ ಆಟವೊಂದನ್ನು ನೋಡಬೇಕೆಂದ. ನಾನೂ ಯಜಮಾನರೂ ಆಡಿದ ಆಟಗಳೆಲ್ಲ ನನ್ನ ದಿನಚರಿಯಲ್ಲಿದ್ದವು. ಅವರು ನಿಧಾನಿಗೆ ಕಲಿಸಿದ್ದೂ ಆ ಪುಸ್ತಕಗಳಿಂದಲೇ. ತೆರೆದೆ. ಆಟದ ಕೊನೆಗೆ ನನ್ನದೇ ಅಕ್ಷರ: "ಗಂಟೆಯಾಯಿತು. ಸಮ." ಮುಂದಿನ ಪುಟ ತಿರುಗಿಸಿದೆ. "ಗಂಟೆಯಾಯಿತು. ಸಮ." ಹನ್ನೊಂದು ವರ್ಷದ ಪುಸ್ತಕಗಳಲ್ಲಿ ಒಬ್ಬ ರಾಜನೂ ಸಿಕ್ಕಿಬಿದ್ದಿರಲಿಲ್ಲ. ಗಂಟೆ ಹತ್ತಿರವಾದಾಗ ಅವರು, "ಈಗ್ಯಾಕೆ ಹೊಸ ಜಗಳ ಕಣೇ," ಎಂದು ರಾಜನನ್ನು ಒಂದು ಮನೆ ಆಚೆಗೆ ಸರಿಸುತ್ತಿದ್ದರು, ಮತ್ತೆ ಈಚೆಗೆ. ನಿಧಾನಿ ಅದನ್ನೇ ಕಲಿತಿತ್ತು. ಊಟಕ್ಕೆ ಕರೆಯುವುದನ್ನು ಕಾಯುತ್ತಿತ್ತು.

ಓಬಳೇಶ ತಲೆ ಚಚ್ಚಿಕೊಂಡ. "ಅಯ್ಯೋ ಅಕ್ಕಾ, ನಮ್ ಕೇರೀಲಿ ಯಾರೂ ಆಟ ಮುಗ್ಸೇ ಇಲ್ವಲ್ಲ!"

ತಿಂಗಳೆಲ್ಲ ನಾವು ಯಂತ್ರದ ಹೊಟ್ಟೆ ಬಗೆದು ನೋಡಿದ್ದೆವು. ಊಟಕ್ಕೆ ಎದ್ದು ಹೋಗುವ ನಮ್ಮನ್ನು ನಾವು ನೋಡಿಕೊಂಡಿರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ಅವರ ಮೇಲೂ ಸಿಟ್ಟಿದೆ. ಅಷ್ಟು ಬುದ್ಧಿವಂತರಾಗಿ ಒಂದು ದಿನವಾದರೂ ಕೂತು ಮುಗಿಸಬಾರದಿತ್ತೆ?

ಅಂದಿನಿಂದ ನಾನು ಗಂಟೆಗೆ ಏಳಲಿಲ್ಲ. ಹುರಿಹಿಟ್ಟು ಕಲಸಿಟ್ಟುಕೊಂಡು, ಒರೆಸಿಹಾಕಿದ ಆಟಗಳನ್ನು ಮನೆಯಲ್ಲೇ ಮತ್ತೆ ಜೋಡಿಸಿ, ಅವರ ಪಾಲಿನ ನಡೆಗಳನ್ನೂ ನಾನೇ ನಡೆಸಿ, ಒಂದೊಂದನ್ನೇ ಕೊನೆ ಮುಟ್ಟಿಸಿ ನಿಧಾನಿಗೆ ಕಲಿಸಿದೆ. ಮುನ್ನೂರು ಆಟಗಳಲ್ಲಿ ಅವರು ನನ್ನನ್ನು ನೂರ ಎಂಬತ್ತು ಸಲ ಸೋಲಿಸಿದರು. ನಾನು ಮೋಸ ಮಾಡಿಲ್ಲ.

ಇಂದು ಬೆಳಿಗ್ಗೆ ತಪಾಸಣೆಯಾಯಿತು. ಮೂವತ್ತಾರನೇ ನಡೆಗೆ ನಿಧಾನಿ ಕಾಲಾಳನ್ನು ತಳ್ಳಿತು. ಮತ್ತೆ ತಳ್ಳಿತು. ನಲವತ್ತೊಂದಕ್ಕೆ ಓಬಳೇಶನ ರಾಜ ಸಿಕ್ಕಿಬಿದ್ದ. ಓಬಳೇಶ ಚೀಟಿ ಕಿತ್ತು, ನನ್ನ ಕಾಲು ಮುಟ್ಟಿ ಹೋದ. ನಿಧಾನಿ ಉಳಿಯಿತು.

ಆಮೇಲೆ ನಾನೊಬ್ಬಳೇ ಕೂತು ಅದರೊಡನೆ ಐದು ಆಟ ಆಡಿದೆ. ಐದರಲ್ಲೂ ಸೋತೆ. ರಾಜ ಒಮ್ಮೆಯೂ ಬಲಕ್ಕೆ ಸರಿದು ಎಡಕ್ಕೆ ಬರಲಿಲ್ಲ.

ನೀವು ಯಂತ್ರಕ್ಕೆ ನಿಮ್ಮ ಆಟಗಳನ್ನು ಕಲಿಸುವಾಗ, ಯಾಕೆ ನಿಲ್ಲಿಸಿದಿರೆಂದು ಪಕ್ಕದಲ್ಲಿ ಬರೆದಿಡಿ. ಮತ್ತೆ, ಮನೆಯವರೊಡನೆ ಆಡುತ್ತಿರುವಾಗ ಯಾರಾದರೂ ಊಟಕ್ಕೆ ಕರೆದರೆ, ಆರಿದರೆ ಆರಲಿ, ಒಂದು ಆಟವನ್ನಾದರೂ ಕೂತು ಮುಗಿಸಿ.

ಇಲ್ಲಿ ಈಗ ಗಂಟೆಯಾಗುತ್ತಿದೆ.

ಸಿರಿಯಮ್ಮ