ಮೆಹಕರದ ಎರಡನೆಯ ಒಲೆ

ಬೀದರ, 9 ಮೇ 2026, ಶನಿವಾರ. ಹಾಸ್ಟೆಲಿನ ಹುಡುಗಿಯರೆಲ್ಲ ರಜೆಗೆ ಊರಿಗೆ ಹೋಗಿದ್ದಾರೆ. ಕಟ್ಟಡ ಮಾರಾಟವಾಗಿದೆ. ತಿಂಗಳು ಮುಗಿಯುವಷ್ಟರಲ್ಲಿ ಮೆಟ್ಟಿಲ ಕೆಳಗಿನ ನನ್ನ ಕೋಣೆ ಖಾಲಿ ಮಾಡಬೇಕು.

ತಮ್ಮ ದತ್ತಾತ್ರಿಗೆ,

ನಾನು ತೀರಿಕೊಂಡ ಸುದ್ದಿ ನನಗೆ ನಿನ್ನೆ ತಲುಪಿತು. ತಂದವಳು ಖುರ್ಷಿದ ಬೇಗಂ. ನಮ್ಮ ಹಿತ್ತಿಲ ಗೋಡೆಯ ಆಚೆ ಇದ್ದವಳು, ಈಗ ಇಲ್ಲಿ ಮಗಳ ಮನೆಯಲ್ಲಿರುವವಳು. ಮಧ್ಯಾಹ್ನ ಬಾಗಿಲು ಬಡಿದಳು, ತೆರೆದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಬೆನ್ನಿಗೊಂದು ಗುದ್ದು ಕೊಟ್ಟಳು. "ಏ ಅಂಜನಾ, ಸತ್ತಾಕಿ ಹಿಂಗ ಬಂದು ಬಾಗಲಾ ತೆರೀತಾಳೇನ? ಮಣ್ಣಿಗಿ ಕರೀಲಿಲ್ಲ ಅಂತ ಸಿಟ್ಟು ಮಾಡ್ಕೊಂಡು ಬಂದೀನಿ ನಾ. ಆಟೋದ ರೊಕ್ಕ ದಂಡ ಆತು!" ನಕ್ಕು ನಕ್ಕು ನನ್ನ ಮಂಚದ ಮೇಲೆ ಕೂತಳು. ನಗು ನಿಂತ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಫೋನು ತೆಗೆದು ತೋರಿಸಿದಳು.

ಅವಳ ತಂಗಿಯ ಮಗ ಚಾಂದ ಪಾಶಾ ಇನ್ನೂ ಮೆಹಕರದಲ್ಲಿದ್ದಾನಲ್ಲ, ವೆಲ್ಡಿಂಗ್ ಕೆಲಸದವನು. ಅವನೇ ಫೋಟೋ ಕಳಿಸಿದ್ದ, ಜೊತೆಗೆ ಅವನ ದನಿಯೂ ಇತ್ತು. "ಖಾಲಾ, ಅಂಜನಾ ಮೌಸಿ ಯಾವಾಗ ಹೋದ್ರು? ನಂಗ ಯಾರೂ ಹೇಳೇ ಇಲ್ಲ. ನಾ ಇಲ್ಲಿ ಗೇಟು ಕೂಡಿಸ್ಲಿಕ್ಕ ಬಂದಿದ್ದೆ. ಠಾಣಾ ಕುಶನೂರಿಂದ ಹೆಣ್ಣಿನ ಕಡಿಯವರು ಇಬ್ಬರು ಬಂದಿದ್ರು. ಗ್ವಾಡಿ ಮ್ಯಾಲಿನ ಹೆಸರು ನೋಡಿ, ಈ ಅಂಜನಾಬಾಯಿ ಯಾರ್ರಿ ಅಂತ ಕೇಳಿದ್ರು. ದತ್ತಾತ್ರಿ ಮಾಮಾ, ನಮ್ಮ ಅಕ್ಕರಿ, ತೀರಿಕೊಂಡಾಳ್ರಿ, ಈಗ ಎಲ್ಲಾ ನಮ್ದೇ ಅದರಿ ಅಂದ್ರು. ಮರುದಿವಸ ಫೋಟೋ ತಂದು ನನ್ನ ಕೈಲೇ ಮೊಳಿ ಹೊಡಿಸಿದ್ರು. ಸರಿತಾ ಮಾಮಿ ಅಂತಾರ, ಇನ್ನೂ ಸ್ವಲ್ಪ ಮ್ಯಾಲ ಹೊಡಿ, ಬಾಗಲದಾಗಿಂದ ಕಾಣಬೇಕು."

ನಾನು ಆ ಫೋಟೋವನ್ನು ಬಹಳ ಹೊತ್ತು ನೋಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ನನ್ನ ಮುಖವಲ್ಲ, ಗೋಡೆಯ ಬಣ್ಣ. ಒಳಗೆ ಹಸಿರು ಹಚ್ಚಿಸಿದ್ದೀರಿ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಹೆಸರಿನ ಮನೆಯ ಒಳಗಿನ ಬಣ್ಣ ನೋಡಲು ನಾನು ಸಾಯಬೇಕಾಯಿತು.

ಫೋಟೋದಲ್ಲಿ ನಾನು ಚೌಕಟ್ಟಿನೊಳಗಿದ್ದೇನೆ, ಗಂಧದ ಚಕ್ಕೆಯ ಹಾರ ಇದೆ. ಅದು ಸ್ಲ್ಯಾಬು ಹಾಕಿದ ದಿನ ತೆಗೆದ ಚಿತ್ರ. ಅಂಗಡಿಯವನು ನನ್ನ ಹಿಂದಿನ ಇಟ್ಟಿಗೆ ಗೋಡೆ ಕತ್ತರಿಸಿ ತೆಗೆದು ನೀಲಿ ಆಕಾಶ ಹಾಕಿದ್ದಾನೆ. ಕೈ ಮಾತ್ರ ಹಾಗೇ ಉಳಿದಿದೆ. ಗೋಡೆಗೆ ಆನಿಸಿದ್ದ ಬಲಗೈ ಈಗ ಮೋಡದ ಮೇಲಿದೆ.

ಆ ಗೋಡೆ ಎಲ್ಲಿಂದ ಬಂತು ಎಂದು ನಿನಗೆ ನೆನಪಿಸಬೇಕೇನೋ. ಗಂಡ ಬಿಟ್ಟ ಮೇಲೆ ನಾನು ತವರಿಗೆ ಬಂದು, ನಿನ್ನ ಮಗ ಕೈಲಾಶನನ್ನು ಎತ್ತಿ ಆಡಿಸಿ, ಅವನು ಸಾಲಿಗೆ ಹೋಗುವಷ್ಟಾದ ಮೇಲೆ ಈ ಹಾಸ್ಟೆಲಿನ ಕೆಲಸಕ್ಕೆ ಸೇರಿದೆ. ಹಬ್ಬಕ್ಕೆ, ಬಿತ್ತಿಗೆಗೆ ಬರುತ್ತಿದ್ದೆ. ನಮ್ಮದು ಆಗ ಮಣ್ಣಿನ ಮಾಳಿಗೆ ಮನೆ. ಒಳಗಿನ ಒಲೆಯ ಪಕ್ಕದಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಉಣ್ಣುತ್ತಿದ್ದೆ. ಆ ಜಾಗಕ್ಕೆ ಅವ್ವ ಇದ್ದಾಗಿನಿಂದ ನನ್ನ ಹೆಸರೇ ಇತ್ತು, ಅಂಜನಾನ ಕಂಬ ಎಂದು.

ಆಮೇಲೆ ಊರಿಗೆ ಸರ್ಕಾರದ ಮನೆಗಳು ಬಂದವು. ಒಲೆ ಬೇರೆ ಇದ್ದವರು ಬೇರೆ ಕುಟುಂಬ ಎಂದು ಯಾರೋ ಹೇಳಿದರು, ಮೆಹಕರದಲ್ಲಿ ಒಲೆಗಳು ಹುಟ್ಟತೊಡಗಿದವು. ಒಂದೇ ಅಂಗಳದಲ್ಲಿ ಅಪ್ಪ ಮಗ ಬೇರೆಯಾದರು, ಅತ್ತೆ ಸೊಸೆ ಬೇರೆಯಾದರು. ಅಣ್ಣತಮ್ಮಂದಿರು ಬೆಳಿಗ್ಗೆ ಬೇರೆಯಾಗಿ ಸಂಜೆ ಒಂದೇ ತಾಟಿನಲ್ಲಿ ಉಂಡರು. ನೀನು ಹಾಸ್ಟೆಲಿಗೆ ಬಂದು ಈ ಮಂಚದ ಮೇಲೆಯೇ ಕೂತು ಹೇಳಿದೆ: "ಅಕ್ಕ, ಒಬ್ಬಾಕಿ ಹೆಣ್ಮಗಳಿಗಿ ಮೊದಲ ಕೊಡ್ತಾರಂತ. ನೀ ಬರೇ ಒಂದು ಒಲಿ ಹೂಡು. ಮ್ಯಾಲಿಂದೆಲ್ಲಾ ನಾ ನೋಡ್ಕೋತೇನಿ. ನಾಳಿ ನೌಕರಿ ಮುಗಿದ ಮ್ಯಾಲ ನಿನಗೂ ಒಂದು ಸೂರು ಬೇಕಲ್ಲ." ಆ ಕಡೆಯ ಮಾತನ್ನು ನಾನು ನಂಬಿದೆ.

ಕುರಿಗಳನ್ನು ನೀನು ಅಷ್ಟರಲ್ಲಿ ಮಾರಿದ್ದೆ. ಖಾಲಿ ದೊಡ್ಡಿಯಲ್ಲಿ ಸರಿತಾ ಮಣ್ಣಿನ ಒಲೆ ಹೂಡಿದಳು. ಹೊಸದು ಹೊಸದಾಗಿಯೇ ಕಾಣುತ್ತದೆ ಎಂದು ಹಳೇ ತವೆಯ ಮಸಿ ತೆಗೆದು ಅದಕ್ಕೆ ಬಳಿದಳು. ನೋಡಲು ಬಂದ ಸಾಹೇಬರು ಮಸಿಗೆ ಬೆರಳು ಹಚ್ಚಿ ನೋಡಿ ಬರೆದುಕೊಂಡರು. ಆ ದಿನ ಇಡೀ ಓಣಿ ಹೊಗೆಯಲ್ಲಿ ಕೆಮ್ಮುತ್ತಿತ್ತು. ನಾನು ಕುರಿಹಿಕ್ಕೆಯ ವಾಸನೆಯಲ್ಲಿ ಕೂತು ಅನ್ನ ಮಾಡಿದೆ. ಸಾಹೇಬರು ಹೋದರು. ಸಂಜೆ ನಾನು ಒಳಗೆ ಬಂದು ಕಂಬದ ಹತ್ತಿರ ಕೂರಲು ಹೋದಾಗ ಸರಿತಾ ರೊಟ್ಟಿ ಬಡಿಯುತ್ತಲೇ ಅಂದಳು: "ಅಕ್ಕಾರ, ನೀವು ಇವತ್ತಿನಿಂದ ಬ್ಯಾರೆ ಆಗೀರಲ್ಲ, ನಿಮ್ಮ ಮನಿಯಾಗ ಉಣ್ರಿ." ಎಲ್ಲರೂ ನಕ್ಕೆವು. ಕೈಲಾಶನಿಗಂತೂ ನೀರು ನೆತ್ತಿಗೇರಿತು. ನಾನೂ ನಕ್ಕು, ತಾಟು ಎತ್ತಿಕೊಂಡು ದೊಡ್ಡಿಗೆ ಹೋಗಿ ಉಂಡೆ. ಚೇಷ್ಟೆಗೆ ಚೇಷ್ಟೆ ಎಂದುಕೊಂಡೆ.

ಯುಗಾದಿಗೆ ಬಂದಾಗ ನನ್ನ ತಾಟು, ಚರಿಗೆ, ಹಾಸಿಗೆ ಮೂರೂ ದೊಡ್ಡಿಯಲ್ಲಿದ್ದವು. ಯಾರೂ ನಗಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ನೀನು ಏನು ಹೇಳುತ್ತೀಯೋ ಅದನ್ನು ಕೇಳಿಸಿಕೊಳ್ಳಬೇಕಾಗುತ್ತಿತ್ತು. ಊರಲ್ಲಿ ಉಳಿದವರು ಸಾಹೇಬರು ಹೋದ ಮೇಲೆ ಸುಳ್ಳು ಒಲೆ ಒಡೆದು ಅಂಗಳಕ್ಕೆ ಚೆಲ್ಲಿದರು. ನೀವು ನನ್ನದನ್ನು ಒಡೆಯಲಿಲ್ಲ.

ಮನೆ ಮಂಜೂರಾಯಿತು. ನೀನು ಮಾಳಿಗೆ ಮನೆ ಕೆಡವಿ ಅದೇ ಜಾಗದಲ್ಲಿ ಪಾಯ ತೆಗೆದೆ. ಪಾಯ, ಕಿಟಕಿ, ಸ್ಲ್ಯಾಬು, ಒಂದೊಂದು ಹಂತಕ್ಕೂ ಗೋಡೆಯ ಮುಂದೆ ನನ್ನನ್ನು ನಿಲ್ಲಿಸಿ ಫೋಟೋ ತೆಗೆಯಬೇಕಿತ್ತು. "ಅಕ್ಕ, ನಾಳಿ ಫೋಟೋ ಅದ, ಬಂದು ಹೋಗು" ಎನ್ನುತ್ತಿದ್ದೆ. ಬಂದು ಹೋಗು. ಭಾಲ್ಕಿಗೆ ಒಂದು ಬಸ್ಸು, ಅಲ್ಲಿಂದ ಮೆಹಕರಕ್ಕೆ ಇನ್ನೊಂದು. ಒಮ್ಮೆ ಇಳಕಲ್ ಸೀರೆ ಉಟ್ಟು ಬಂದೆ. ಸರಿತಾ ತನ್ನ ಹಳೇ ಸೀರೆ ತಂದು ಕೊಟ್ಟಳು, "ಇದನ್ನ ಉಡ್ರಿ, ಬಡವರಂಗ ಕಾಣಬೇಕು" ಎಂದಳು. ಆ ಸೀರೆಯಲ್ಲೇ ನಾನು ಈಗ ನಿಮ್ಮ ಗೋಡೆಯ ಮೇಲಿದ್ದೇನೆ. ಕಡೆಗೆ ಬಾಗಿಲ ಪಕ್ಕ ನನ್ನ ಹೆಸರು ಬರೆದರು. ಒಳಗೆ ಮೊದಲು ಹೋದದ್ದು ತೊಗರಿ ಚೀಲಗಳು, ಆಮೇಲೆ ನೀವು. ದಾಸ್ತಾನು ಮುಗಿಯಲಿ, ನಿನಗೊಂದು ಕೋಣೆ ಬಿಡಿಸುತ್ತೇನೆ ಎಂದೆ ನೀನು. ಮುಂದೆ ದಾಸ್ತಾನು ಮುಗಿಯಿತು. ನಾನು ಬಂದಾಗ ಹೊರಗಿನ ಕಟ್ಟೆಯ ಮೇಲೆ ಚಹಾ ಕೊಟ್ಟಿರಿ.

ಈಗ ಮೆಹಕರಕ್ಕೆ ಬಂದರೆ ಊರು ದೊಡ್ಡದಾದಂತೆ ಕಾಣುತ್ತದೆ. ಎಲ್ಲಿ ನೋಡಿದರೂ ಸ್ಲ್ಯಾಬಿನ ಮನೆ, ಬಾಗಿಲಿಗೆ ಬೀಗ. ಯಾರ ಹೆಸರು ಗೋಡೆಯ ಮೇಲಿದೆಯೋ ಅವರು ಹೈದರಾಬಾದಿನಲ್ಲೋ ಪುಣೆಯಲ್ಲೋ ಇಟ್ಟಿಗೆ ಹೊರುತ್ತಿದ್ದಾರೆ. ಖುರ್ಷಿದಳ ಓಣಿಯವರು ಒಬ್ಬೊಬ್ಬರಾಗಿ ಬೀದರ ಸೇರಿದರು. ಅವಳು ಮಕ್ಕಳನ್ನು ಹೆತ್ತ ಕೋಣೆಯ ಜಾಗದಲ್ಲಿ ಇವತ್ತು ಸೋಯಾ ರಾಶಿ ಮಾಡುತ್ತಾರೆ. ಹೋದ ತಿಂಗಳು ಮನೆ ಎಣಿಸುವ ಮಾಸ್ತರರು ಬಂದಿದ್ದಾಗ ಕೈಲಾಶ ಫೋನಿನಲ್ಲಿ ನಗುತ್ತ ಹೇಳಿದ: "ಅತ್ತಿ, ಮನಿ ಭಾಳ ಆಗ್ಯಾವಂತ, ಮಂದಿ ಸಿಗವಲ್ರು ಅಂತ ಮಾಸ್ತರ್ ತಲಿ ಕೆರ್ಕೊಳ್ಳಾಕತ್ತಿದ್ರು." ನಾನು ನಗಲಿಲ್ಲ ಎಂದು ಅವನಿಗೆ ತಿಳಿಯಲಿಲ್ಲ.

ಹಾಸ್ಟೆಲು ಮಾರಾಟವಾಗುತ್ತದೆ ಎಂದು ತಿಳಿದ ದಿನವೇ ನಿನಗೆ ಫೋನು ಮಾಡಿದ್ದೆ. ಜೂನಿಗೆ ಬರ್ತೇನಿ ಎಂದೆ.  ನೀನು, "ಕೈಲಾಶಗ ಸಂಬಂಧ ನೋಡಾಕತ್ತೀವಿ ಅಕ್ಕ. ಹೆಣ್ಣಿನವರು ಸ್ಲ್ಯಾಬಿನ ಮನಿ ಬೇಕಂತಾರ, ಮನಿಯಾಗ ಹೆಚ್ಚಿನ ಮಂದಿ ಇರಬಾರದಂತಾರ" ಎಂದೆ. ಹಿಂದಿನಿಂದ ಸರಿತಾಳ ದನಿ ಕೇಳಿಸಿತು: "ದೊಡ್ಡಿ ಖಾಲಿನೇ ಅದಲ್ಲ, ಅಲ್ಲಿ ಅವರ ಒಲಿ ಸೈತ ಅದ." ಆಗಲಿ ಎಂದೆ. ನೆನಪಿದೆಯಾ? ನಾನು ದೊಡ್ಡಿಗೂ ಒಪ್ಪಿದ್ದೆ. ತಗಡು ಹಾಕಿಸಲು ಆತೀಫ ಮಿಸ್ತ್ರಿಯನ್ನು ಕೇಳಿ ಇಟ್ಟಿದ್ದೆ. ಇದನ್ನು ಬರೆಯುತ್ತಿರುವುದು ನಿನಗೆ ನೋವಾಗಲಿ ಎಂದೇ. ದೊಡ್ಡಿಯಲ್ಲಿ ಬದುಕಲು ಒಪ್ಪಿದವಳನ್ನೂ ನೀನು ಉಳಿಸಲಿಲ್ಲ. ನಾನು ದೊಡ್ಡಿಯಿಂದ ಹೊರಗೆ ತಲೆ ಹಾಕಿದರೆ ಬೀಗರ ಕಣ್ಣಿಗೆ ಬೀಳುತ್ತೇನೆ ಎಂಬ ಅಷ್ಟು ಸಣ್ಣ ಅಡಚಣೆಗಾಗಿ ನನ್ನನ್ನು ಕೊಂದೆ.

ಖುರ್ಷಿದ ನಿನ್ನೆ ಹೋಗುವಾಗ ಒಂದು ಮಾತು ಹೇಳಿದಳು. "ನಾವು ಮನಿ ಮಾರಿ ಬಂದೀವಿ, ರೊಕ್ಕ ಕೈಯಾಗ ಹಿಡ್ಕೊಂಡು ಬಂದೀವಿ. ನೀ ಏನ ಹಿಡ್ಕೊಂಡು ಬಂದಿ ಹೇಳು? ಹೋಗು, ಹೋಗಿ ನಿನ್ನ ಹಾರ ನೀನೇ ತೆಗೀ." ನನಗೆ ಕೈಲಾಶನ ಮುಖ ನೋಡಿ ಬಿಟ್ಟುಬಿಡೋಣ ಎನಿಸಿತ್ತು. ಅವನಿಗೆ ಈ ವಿಷಯ ಗೊತ್ತಿರಲಿಕ್ಕಿಲ್ಲ, ಎಲ್ಲ ನಿಮ್ಮಿಬ್ಬರದೇ ಇರಬೇಕು ಎಂದುಕೊಂಡೆ. ಅವಳು ಹೋದ ಮೇಲೆ ಚಿತ್ರವನ್ನು ನನ್ನ ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ. ಹಾರದ ಒಂದು ತುದಿ ಸರಿಪಡಿಸುತ್ತಿರುವ ಕೈಯೊಂದು ಅಂಚಿನಲ್ಲಿದೆ. ಆ ಮಣಿಕಟ್ಟಿನಲ್ಲಿ ಕೈಲಾಶ ಐಟಿಐ ಪಾಸಾದಾಗ ನಾನು ಕೊಡಿಸಿದ ಗಡಿಯಾರ ಇದೆ.

ಗುರುವಾರ ಠಾಣಾ ಕುಶನೂರಿನ ಹಿರಿಯರು ಮನೆ ನೋಡಲು ಬರುತ್ತಾರೆ ಎಂದು ಚಾಂದ ಪಾಶಾ ಹೇಳಿದ್ದಾನೆ. ಅಷ್ಟರೊಳಗೆ ಗೇಟು ಮುಗಿಸಿಕೊಡಬೇಕಂತೆ. ಮುಗಿಸಲಿ. ನಾನು ಬೆಳಗಿನ ಬಸ್ಸಿಗೆ ಭಾಲ್ಕಿಗೆ ಬಂದು, ಅಲ್ಲಿಂದ ಮೆಹಕರದ ಬಸ್ಸು ಹತ್ತುತ್ತೇನೆ. ಸರಿತಾ ಕೊಟ್ಟ ಆ ಹಳೇ ಸೀರೆ ಇನ್ನೂ ನನ್ನ ಬಳಿ ಇದೆ, ಅದನ್ನೇ ಉಡುತ್ತೇನೆ. ಕೂಗಾಡುವುದಿಲ್ಲ, ಯಾರ ಮೇಲೂ ದೂರು ಹೇಳುವುದಿಲ್ಲ. ಹಿರಿಯರು ಚಾಪೆಯ ಮೇಲೆ ಕೂತ ಮೇಲೆ ಒಳಗೆ ಬಂದು, ಆ ಫೋಟೋದ ಕೆಳಗೆ, ಬಲಗೈಯನ್ನು ಹಸಿರು ಗೋಡೆಗೆ ಆನಿಸಿ ನಿಲ್ಲುತ್ತೇನೆ. ನಿಲ್ಲುವುದನ್ನು ನೀವೇ ಕಲಿಸಿದ್ದೀರಿ. ಅವರು ಮೇಲೊಮ್ಮೆ ಕೆಳಗೊಮ್ಮೆ ನೋಡುತ್ತಾರೆ. ಈಕೆ ಯಾರ್ರಿ ಎಂದು ನಿನ್ನನ್ನೇ ಕೇಳುತ್ತಾರೆ. ಉತ್ತರ ನೀನು ಕೊಡು.

ಸಂಬಂಧ ಮುರಿಯುತ್ತದೆ. ಸುತ್ತಲ ಹಳ್ಳಿಗಳಲ್ಲಿ ಮತ್ತೊಂದು ಸಿಗುವುದೂ ಕಷ್ಟವಾಗುತ್ತದೆ. ಬದುಕಿದ್ದ ಅತ್ತೆಗೆ ಹಾರ ಹಾಕಿದ ಹುಡುಗ ಎಂಬ ಹೆಸರು ಕೈಲಾಶನಿಗೆ ಉಳಿಯುತ್ತದೆ. ಅವನು ನನ್ನ ಮಡಿಲಲ್ಲಿ ನಿದ್ದೆ ಮಾಡಿದ ಹುಡುಗ, ಇದೆಲ್ಲ ತಿಳಿದೇ ಬರುತ್ತಿದ್ದೇನೆ. ಅವರು ಎದ್ದು ಹೋದ ಮೇಲೆ ದೊಡ್ಡಿಯ ಒಲೆ ಒಡೆದು, ಅದರ ಮಣ್ಣು ತಂದು ನಡುಮನೆಯಲ್ಲಿ ಹೂಡಿ ಅನ್ನಕ್ಕೆ ಇಡುತ್ತೇನೆ. ಹಾರ ನಾನು ತೆಗೆಯುವುದಿಲ್ಲ. ಹಾಕಿದವನೇ ಕುರ್ಚಿ ಹತ್ತಿ ತೆಗೆಯಲಿ.

ಈ ಕಾಗದ ಅಂಚೆಗೆ ಹಾಕುವುದಿಲ್ಲ. ಗುರುವಾರ ಸಂಜೆ ನಿನ್ನ ಕೈಗೇ ಕೊಡುತ್ತೇನೆ. ಬಸ್ಸಿಗೆ ಇನ್ನೂ ದಿನಗಳಿವೆ, ಸೀರೆ ಒಗೆದು ಹಗ್ಗಕ್ಕೆ ಹಾಕಿದ್ದೇನೆ.

ನಿನಗೆ ನನ್ನ ಆಯುಷ್ಯವೂ ಸೇರಲಿ, ತಮ್ಮ. ಬಹಳ ವರ್ಷ ಬಾಳು. ಅಷ್ಟೂ ವರ್ಷ ಎದುರಿಗೆ ನಾನಿರುತ್ತೇನೆ.

ನಿನ್ನ ಅಕ್ಕ,
ಅಂಜನಾಬಾಯಿ, ಬಾಗಿಲ ಪಕ್ಕ ಬರೆದಿರುವಂತೆ