ಪರದೆಯ ಎಡಗಡೆ

ರುವೋವೆಸಿ,
ಭಾನುವಾರ ಸಂಜೆ

ಪ್ರೀತಿಯ ಅಮ್ಮ,

ಇವತ್ತು ಬೇಡವೆಂದರೂ ಕೇಳದೆ ಹಿತ್ತಲ ಉಗಿಕೋಣೆ ಸೌನಾದ ಬಿಸಿಗೆ ಹೋಗಿ ಕೂತಿದ್ದೀಯ. ನಾನು ನಿನ್ನ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಿದರೆ ನೀನು ಕೇಳುವವಳಲ್ಲ. ಮಧ್ಯಾಹ್ನ ನಾನು ಮಾತು ತೆಗೆದದ್ದಕ್ಕೇ, "ಮೊದ್ಲು ನಿಮ್ಮ ಯಂತ್ರಕ್ಕೆ ಕನ್ನಡಕ ಹಾಕ್ಸು ಹೋಗೇ" ಎಂದು ಗದರಿದೆ.

ಬುಧವಾರ ನಮ್ಮ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಕ್ಕೆ ನಿನ್ನನ್ನು ಕರೆದದ್ದು ನಾನೇ. ಗಾಡಿ ಓಡಿಸುವವರ ನೋಟ ಅಳೆಯುವ ಪರೀಕ್ಷೆಗೆ ವಯಸ್ಸಾದವರು ಸಿಗುತ್ತಿರಲಿಲ್ಲ; ಬಂದವರಿಗೆ ಕೊಡುವ ಸಿನಿಮಾ ಟಿಕೆಟ್ಟಿನ ಆಸೆಗೆ ನೀನು ಬಂದೆ. ಗೋಡೆಯಗಲದ ಪರದೆಯ ಮೇಲೆ ನಾವು ಕಂಪ್ಯೂಟರಿನಲ್ಲಿ ಬಿಡಿಸಿದ ಹಿಮದ ರಸ್ತೆ. ನೋಡುವವರ ಕಣ್ಣು ಹೋದಲ್ಲೆಲ್ಲ ಯಂತ್ರ ಒಂದು ಚುಕ್ಕಿ ಇಡುತ್ತದೆ. ನೀನು, "ಎಂಥಾ ಖಾಲಿ ರಸ್ತೆ ಕಣೇ! ನಮ್ಮೂರಲ್ಲಿ ಹಿಂಗಿದ್ರೆ ಹಾಡ್ಕೊಂಡು ಗಾಡಿ ಓಡಿಸ್ತಿದ್ದೆ" ಎಂದೆ. ಅಮ್ಮಾ, ರಸ್ತೆ ಖಾಲಿ ಇರಲಿಲ್ಲ. ಎಡಗಡೆಯಿಂದ ಟೊಪ್ಪಿಗೆ ಹಾಕಿದ ಹುಡುಗಿಯೊಬ್ಬಳು ದಾಟುತ್ತಿದ್ದಳು.

ನಿನ್ನ ಚುಕ್ಕಿಗಳೆಲ್ಲ ಬಲಕ್ಕೇ. ಎಡಕ್ಕೆ ಒಂದೂ ಇಲ್ಲ. ನನ್ನ ಜೊತೆ ಕೆಲಸ ಮಾಡುವ ಕಾರ್ಲೊ, "ಯಂತ್ರ ಕೈ ಕೊಡ್ತು, ಅಳಿಸಿ ಹಾಕೋಣ ಬಿಡು" ಎಂದ. ನಾನೂ ನಕ್ಕು ಹೂಂ ಅಂದೆ. ನಿನ್ನ ನಂತರ ಕೂತ ಮುದುಕರಿಗೆ ಅದೇ ಯಂತ್ರ ಎರಡೂ ಕಡೆ ಚುಕ್ಕಿ ಇಟ್ಟಾಗ ಗೊತ್ತಾಯಿತು, ಕೈ ಕೊಟ್ಟದ್ದು ಯಂತ್ರವಲ್ಲ.

ಇವತ್ತು ಬಂದಾಗಿನಿಂದ ನಿನ್ನನ್ನೇ ನೋಡುತ್ತಿದ್ದೇನೆ. ತಟ್ಟೆಯ ಎಡಗಡೆಯ ಮೀನು ಹಾಗೇ ಉಳಿದಿದೆ. ನಿನ್ನ ಟ್ಯಾಕ್ಸಿಯ ಎಡಗಡೆಯ ಕನ್ನಡಿ ಕಿತ್ತು ಹೋಗಿದೆ. ಯಾವಾಗ ಹೋಯಿತು ಎಂದು ಕೇಳಿದರೆ, "ಯಾವ ಕನ್ನಡಿ? ಎಲ್ಲಾ ಸರಿಯಾಗೇ ಇದ್ಯಲ್ಲ" ಎಂದೆ. ಇದು ಕಣ್ಣಿನ ದೋಷವಲ್ಲ, ತಲೆಯೊಳಗಿನದು; ಮಿದುಳಿಗೆ ಪೆಟ್ಟು ಬಿದ್ದರೆ ಎಡಗಡೆ ಎಂಬುದೊಂದು ಇದೆ ಎನ್ನುವುದೇ ಗೊತ್ತಾಗದೆ ಹೋಗುತ್ತದೆ. ನನಗೆ ತುಂಬಾ ಭಯವಾಗುತ್ತಿದೆ ಅಮ್ಮ.

ನಾಳೆ ರಜೆ ಮುಗಿದು ಶಾಲೆ ಶುರು. ಬೆಳಕು ಹರಿಯುವ ಮೊದಲೇ ಮಕ್ಕಳು ರಸ್ತೆಯ ಬದಿಯಲ್ಲಿ ಶಾಲೆಗೆ ಕರೆದೊಯ್ಯುವ ನಿನ್ನ ಗಾಡಿಗೆ ಕಾಯುತ್ತಿರುತ್ತಾರೆ. ಅವರಲ್ಲಿ ಅಣ್ಣನ ಮಗಳು ವೀಯಾ ಕೂಡ ಇದ್ದಾಳೆ. ಅಜ್ಜಿಯ ಗಾಡಿ ಕಂಡರೆ ಅವಳು ನಿಂತಲ್ಲಿ ನಿಲ್ಲುವುದಿಲ್ಲ, ಓಡಿ ಬರುತ್ತಾಳೆ. ನಾಳೆ ಗಾಡಿ ತೆಗೆಯಬೇಡ. ಈಗಲೇ ಆಸ್ಪತ್ರೆಗೆ ಹೋಗೋಣ. ಎಷ್ಟು ಬೇಕಾದರೂ ಬೈಯಿ, ಆದರೆ ಬಾ.

ನಿನ್ನ ಮಗಳು,
ಸಾತು

ಇನ್ನೊಂದು ಮಾತು: ಇಷ್ಟನ್ನೂ ಹಾಳೆಯ ಬಲ ಅರ್ಧದಲ್ಲೇ ಬರೆದಿದ್ದೇನೆ. ಎಡ ಅರ್ಧದ ತುಂಬ, ಕೆಂಪು ಬಣ್ಣದಲ್ಲಿ, "ಗಾಡಿಯ ಬೀಗದ ಕೈ ನನ್ನ ಜೇಬಿನಲ್ಲಿದೆ" ಎಂದು ದಪ್ಪಕ್ಷರದಲ್ಲಿ ಬರೆದಿದೆ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಆ ಕೆಂಪಕ್ಷರ ಮೊದಲೇ ಕಂಡಿದ್ದರೆ ಬಂದು ಬೀಗದ ಕೈ ಕಿತ್ತುಕೋ. ಕಾಣಲಿಲ್ಲವಾದರೆ, ಅಲ್ಲಿಂದಲೇ ನನ್ನನ್ನು ಕೂಗು.