ಹ್ಯಾಟು ತೆಗೆದು ಎದ್ದವರು

ಅರ್ಲೀನ್,

ತೆರಿಗೆ ಕಟ್ಟದೆ ಸರ್ಕಾರದ ಪಾಲಾದ ನಿಮ್ಮಮ್ಮನ ಅರ್ಧ ಎಕರೆಯನ್ನು ಇವತ್ತು ಹರಾಜು ಹಾಕಿದವಳು ನಾನೇ. ನಮ್ಮ ಭೂ ಇಲಾಖೆಯವರಾಗಲಿ, ಅವರ ಮನೆಯವರಾಗಲಿ ಕೊಳ್ಳುವಂತಿಲ್ಲ ಎಂಬ ನಿಯಮವನ್ನು ಮೊದಲು ಗಟ್ಟಿಯಾಗಿ ಓದಿದವಳೂ ನಾನೇ.

ಆರ್ಕನ್ಸಾದ ನಮ್ಮ ಕೌಂಟಿಯ ಪದ್ಧತಿ ನಿನಗೆ ಗೊತ್ತಲ್ಲ. ಜಮೀನು ಕಳೆದುಕೊಂಡ ಮನೆಯವರು ಹ್ಯಾಟು ತೆಗೆದು ಎದ್ದು ನಿಂತರೆ, ಅವರ ಮೇಲೆ ಬೇರೆ ಯಾರೂ ಬೆಲೆ ಕೂಗುವುದಿಲ್ಲ. ಇವತ್ತು ಹಿಂದಿನ ಬೆಂಚಿನಿಂದ ಮುದುಕರೊಬ್ಬರು ಹಾಗೆ ಎದ್ದರು. ಮರದ ವ್ಯಾಪಾರಿ ಕೂಡ ಎತ್ತಿದ ಕೈ ಇಳಿಸಿದ. ನಿಮ್ಮ ನೆಂಟರನ್ನೆಲ್ಲ ನಾನು ಬಲ್ಲೆ, ಇವರು ಅವರಲ್ಲಿ ಯಾರೂ ಅಲ್ಲ. ಆದರೆ ಅದನ್ನು ನಾನು ಬಾಯಿಬಿಟ್ಟು ಹೇಳಬೇಕೆಂದು ಯಾವ ನಿಯಮವೂ ಇಲ್ಲ. ಸುತ್ತಿಗೆ ಬಡಿದು ಜಮೀನು ಅವರದೇ ಎಂದೆ.

ಆಮೇಲೆ ಕುತೂಹಲ ತಡೆಯಲಾಗಲಿಲ್ಲ. "ನೀವು ಅವರಿಗೆ ಏನಾಗ್ಬೇಕು, ತಾತ?"

"ಏನೂ ಆಗ್ಬೇಕಿಲ್ಲ ಕಣಮ್ಮ. ಪಕ್ಕದ ಹತ್ತಿ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸ್ತಿದ್ದೆ. ಮನೆ ಬಿದ್ದೋದ್ರೂ ಆಯಮ್ಮ ನೆಟ್ಟ ಡ್ಯಾಫೊಡಿಲ್ ಹೂಗಳು ಪ್ರತಿ ಮಾರ್ಚಲ್ಲೂ ಸಾಲಾಗಿ ಅರಳ್ತವೆ. ಮಗಳು ಒಂದಿನ ನೋಡೋಕೆ ಬಂದ್ರೆ ಬೇಲಿ ಅಡ್ಡ ಇರಬಾರ್ದು ನೋಡು. ಜಮೀನಿನ ಪತ್ರ ಅವಳ ಹೆಸರಿಗೇ ಮಾಡು."

"ದುಡ್ಡು ನಿಮ್ದು, ಹೆಸರು ಅವಳ್ದಾ? ತಲೆ ನೆಟ್ಟಗಿದೆಯಾ?"

"ಮನೆಗೆ ಹೋದ್ರೆ ನನ್ನ ಹೆಂಡ್ತಿನೂ ಅದನ್ನೇ ಕೇಳ್ತಾಳೆ," ಎಂದು ನಕ್ಕರು. ಆಮೇಲೆ ನನ್ನ ಮುಖವನ್ನೇ ನೋಡಿದರು. "ನೀನೂ ಆಯಮ್ಮನ ಮಗಳೂ ಒಂದೇ ಸೈಕಲ್ಲಲ್ಲಿ ಸುತ್ತಿದೋರಲ್ವಾ? ಈಗ ಎಲ್ಲಿದಾಳೆ ಅವಳು?"

"ಮಾಲೀಕರ ವಿಷಯ ನಾವು ಹೇಳೋ ಹಾಗಿಲ್ಲ ತಾತ, ನಿಯಮ," ಎಂದೆ.

ಅಂಥ ನಿಯಮವೇನೂ ಇಲ್ಲ, ಅರ್ಲೀನ್. ನೀನಿನ್ನು ಇಲ್ಲ ಎಂದು ಅವರಿಗೆ ಹೇಳಲು ಮನಸ್ಸು ಬರಲಿಲ್ಲ.